ಕ್ಯಾಬಿನ್ನಿನ ಸ್ವೆಟರು

ಲಾರಿ ಓಡಿಸುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಾತಕ ಕೂಡಲಿಲ್ಲ ಎನ್ನುತ್ತಾರೆ, ಹುಡುಗಿ ಇನ್ನೂ ಓದಬೇಕಂತೆ ಎನ್ನುತ್ತಾರೆ, ಇಲ್ಲವೇ ಏನೂ ಹೇಳದೆ ಸುಮ್ಮನಾಗಿಬಿಡುತ್ತಾರೆ. ನನಗೆ ಹೆಣ್ಣು ಹುಡುಕುತ್ತಿದ್ದ ಕಾಲದಲ್ಲಿ ನನ್ನ ಜಾತಕ ಆಲೂರು, ಸಕಲೇಶಪುರ ಎರಡೂ ತಾಲ್ಲೂಕಿನ ಒಂದೇ ಒಂದು ಹುಡುಗಿಯ ಜಾತಕಕ್ಕೂ ಕೂಡಲಿಲ್ಲ. ನಾನೇನು ಅಂಥ ಕೆಟ್ಟ ಗಳಿಗೆಯಲ್ಲಿ ಹುಟ್ಟಿದವನಲ್ಲ. ಡ್ರೈವರ್ ಎಂದರೆ ಕುಡಿಯುತ್ತಾನೆ, ಊರೂರಿಗೆ ಒಂದು ಮನೆ ಇಟ್ಟಿರುತ್ತಾನೆ ಎಂಬ ಲೆಕ್ಕವನ್ನು ಜನ ಮೊದಲೇ ಹಾಕಿಕೊಂಡಿರುತ್ತಿದ್ದರು, ಅಷ್ಟೇ.

ನಿಜ ಹೇಳಬೇಕೆಂದರೆ ನನ್ನಷ್ಟು ಸಪ್ಪೆ ಡ್ರೈವರ್ ಇನ್ನೊಬ್ಬ ಇರಲಿಲ್ಲ. ಮೊದಲು ಕೆಲವು ವರ್ಷ ಬೊಂಬಾಯಿ ಕಡೆಗೆ ಬಾಡಿಗೆ ಲಾರಿ ಓಡಿಸಿದ್ದೆ. ಯಾವಾಗ ಮನೆಗೆ ಬರುತ್ತೇನೆಂದು ನನಗೇ ಗೊತ್ತಿರುತ್ತಿರಲಿಲ್ಲ. ಆಮೇಲೆ ಸಕಲೇಶಪುರದ ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತು. ವಾರದ ಕೆಲವು ದಿನ ಖಾಲಿ ಸಿಲಿಂಡರ್ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿನಿಂದ ತುಂಬಿದವನ್ನು ತರಬೇಕು. ಉಳಿದ ದಿನ ಹಳ್ಳಿಗಳ ಲೈನು, ಅಂದರೆ ಯಸಳೂರು, ಹೆಗ್ಗದ್ದೆ ಕಡೆಯ ರಸ್ತೆಗಳಲ್ಲಿ ಗೊತ್ತುಪಡಿಸಿದ ಕ್ರಾಸುಗಳಲ್ಲಿ ನಿಂತು ಗ್ಯಾಸ್ ಕೊಡುವುದು. ತಿಂಗಳಾಗುತ್ತಿದ್ದಂತೆ ಸಂಬಳ. ವರ್ಷಕ್ಕೆರಡು ಖಾಕಿ ಜೊತೆ. ಸಂಜೆ ಕುಂದೂರಿನ ಹತ್ತಿರದ ನಮ್ಮೂರಿಗೆ ಬಂದು ಅವ್ವನ ಕೈಯಡುಗೆ ಉಂಡು ಮಲಗಬಹುದು. ಶುಂಠಿ, ಆಲೂಗಡ್ಡೆ ಎಂದು ಪ್ರತಿ ವರ್ಷ ಆಕಾಶ ನೋಡುವ ನಮ್ಮಂಥ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಅವ್ವ ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ನಾನೂ ಒಳಗೊಳಗೇ ಖುಷಿಪಟ್ಟೆ. ಆದರೆ ಮದುವೆಮನೆಯಲ್ಲಿ ಯಾರಾದರೂ “ಏನ್ ಮಾಡ್ಕೊಂಡಿದೀಯಪ್ಪ?” ಎಂದು ಕೇಳಿದರೆ “ಏಜೆನ್ಸೀಲಿ” ಎಂದಷ್ಟೇ ಹೇಳಿ ಜಾಗ ಖಾಲಿ ಮಾಡುತ್ತಿದ್ದೆ.

ಲೈನಿನಲ್ಲಿ ನನಗೆ ಹೆಸರಿರಲಿಲ್ಲ. ಕ್ರಾಸಿಗೆ ಬಂದು ಹಾರನ್ ಹೊಡೆದರೆ ಸಾಕು, ತಳ್ಳುಗಾಡಿಯಲ್ಲಿ, ಜೀಪಿನಲ್ಲಿ, ತಲೆಯ ಮೇಲೆ ಖಾಲಿ ಸಿಲಿಂಡರ್ ಹೊತ್ತು ಜನ ಬರುತ್ತಿದ್ದರು. ಎಲ್ಲರ ಬಾಯಲ್ಲೂ ನಾನು ಡ್ರೈವರಣ್ಣ. ಅವ್ವನಿಗಿಂತ ದೊಡ್ಡವರೂ ಡ್ರೈವರಣ್ಣ ಎನ್ನುತ್ತಿದ್ದರು, ಮೂಗು ಸುರಿಸುವ ಮಕ್ಕಳೂ ಡ್ರೈವರಣ್ಣ ಎನ್ನುತ್ತಿದ್ದವು. ಸಿಲಿಂಡರ್ ಇಳಿಸಿ ಕೊಡುವವನು ನನ್ನ ಜೊತೆಗಾರ. ನನಗಿಂತ ವಯಸ್ಸಿನಲ್ಲಿ ದೊಡ್ಡವನು, ಮಾತು ಕಡಿಮೆ, ಗ್ಯಾಸ್ ಲಾರಿಯಲ್ಲಿ ಹಚ್ಚುವ ಹಾಗಿಲ್ಲವೆಂದು ಬೀಡಿಯನ್ನು ಹಾಗೇ ತುಟಿಯಲ್ಲಿ ಇಟ್ಟುಕೊಂಡಿರುವವನು. ಜನರ ಜೊತೆಗಿನ ವ್ಯವಹಾರವೆಲ್ಲ ಅವನದೇ. ನಾನು ಕ್ಯಾಬಿನ್ನಿನಲ್ಲಿ ಕೂತು ಪಕ್ಕದ ಕನ್ನಡಿಯಲ್ಲಿ ಸಿಲಿಂಡರ್ ಹಿಡಿದ ಕೈಗಳನ್ನು ನೋಡುತ್ತಿದ್ದೆ. ಮುಖಗಳನ್ನು ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಅವರಿಗೆ ನನ್ನ ಮುಖ ಕಾಣುತ್ತದೆ ಎಂಬುದೂ ನನಗೆ ಹೊಳೆದಿರಲಿಲ್ಲ.

ಆ ಕ್ಯಾಬಿನ್ನಿನಲ್ಲಿ ಸೀಟಿನ ಹಿಂದಿನ ಕೊಕ್ಕೆಗೆ ನನ್ನದೊಂದು ಮರೂನ್ ಬಣ್ಣದ ಸ್ವೆಟರು ನೇತಾಡುತ್ತಿತ್ತು. ಸಕಲೇಶಪುರದಲ್ಲಿ ಚಳಿಗಾಲಕ್ಕೆ ಬಂದು ಅಂಗಡಿ ಹಾಕುವ ಟಿಬೆಟಿನವರ ಹತ್ತಿರ ಕೊಂಡದ್ದು. ಅದು ಬಿಟ್ಟರೆ ಬೇರೆ ಇರಲಿಲ್ಲ. ಜೊತೆಗಾರನಿಗೆ ಕೈ ಸೋತಾಗ ನಾನೂ ಇಳಿದು ಅದೇ ಸ್ವೆಟರಿನ ಎದೆಗೆ ಸಿಲಿಂಡರ್ ಅಪ್ಪಿಕೊಂಡು ಎತ್ತಿಡುತ್ತಿದ್ದೆ. ವಾಷರ್ ಹೋಗಿ ಸುಯ್ಯೆನ್ನುವ ಸಿಲಿಂಡರುಗಳೂ ಅದರ ಪಕ್ಕದಲ್ಲೇ ಪ್ರಯಾಣ ಮಾಡುತ್ತಿದ್ದವು.

ಈಗಲೂ ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ಸ್ವೆಟರು ಬಿಚ್ಚಿ ಹೊರಗೆ ನೇತುಹಾಕಿ ಒಳಗೆ ಹೋಗುತ್ತೇನೆ. ಚಪ್ಪಲಿ ಬಿಡುವುದು ಮರೆತರೂ ಇದನ್ನು ಮರೆಯುವುದಿಲ್ಲ. ನನ್ನ ಮಕ್ಕಳು ಅದನ್ನು ಆಡಿಕೊಂಡು ನಗುತ್ತಾರೆ. ಕಾರಣವನ್ನು ನಾನು ಅವರಿಗೆ ಹೇಳಿಲ್ಲ.

ಆ ಸಂಬಂಧವನ್ನು ತಂದದ್ದು ನನ್ನ ಸೋದರಮಾವ. ಯಸಳೂರಿನ ಸಂತೆಯಲ್ಲಿ ಯಾರೋ ಮಾತಿಗೆ ಸಿಕ್ಕು, “ನಿಮ್ಮ ಅಕ್ಕನ ಮಗ ಒಬ್ಬ ಮದ್ವೆಗವ್ನಂತಲ್ಲ, ನಮ್ಮಣ್ಣನ ಮನೇಲೊಂದು ಹೆಣ್ಣೈತೆ ನೋಡಿ” ಎಂದರಂತೆ. ಹೆಣ್ಣಿನ ಕಡೆಯಿಂದಲೇ ಮಾತು ಬಂದದ್ದು ಅದೇ ಮೊದಲು. ಮಾವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಸ್ಯದ ಡಬ್ಬಿ ತಟ್ಟಿ ಒಂದು ಚಿಟಿಕೆ ಏರಿಸಿಕೊಂಡು ಬಂದು ಅವ್ವನ ಮುಂದೆ ಕೂತು ಹೇಳಿದ.

“ಗ್ಯಾಸ್ ಆಫೀಸ್ನಲ್ಲಿ ಕೆಲ್ಸ ಅಂತ ಹೇಳ್ಬುಟ್ಟು ಬಂದಿವ್ನಿ ಕಣಕ್ಕ. ನೀವು ತಾಯಿ ಮಗ ಬಾಯ್ಬಿಡ್ಬ್ಯಾಡಿ, ಮಿಕ್ಕಿದ್ದು ನಾನು ನೋಡ್ಕತೀನಿ.”

“ಅದು ನಮ್ಮ ಲೈನೇ ಕಣ್ ಮಾವ. ಯಾರಾದ್ರೂ ಗುರುತು ಹಿಡಿದ್ರೆ?” ಎಂದೆ.

“ಅವರ ಮನೆ ಕ್ರಾಸಿಂದ ಎಷ್ಟೊಂದು ಒಳಗೈತೆ ಅಂತೀಯ! ಕಾಫಿ ತೋಟದ ಒಳಗೆ ಕೂತೋರು ನಿನ್ ಮುಖ ಎಲ್ಲಿ ನೋಡವ್ರೆ? ನೀನೇನು ಸಿನಿಮಾ ಹೀರೋನಾ?”

ಅವನ ಮಾತಿಗೆ ನಾನು ತಲೆಯಾಡಿಸಿದೆ. ಬಲವಂತಕ್ಕೆ ಒಪ್ಪಿದೆ ಎಂದು ಮಾವನ ಮೇಲೆ ಹಾಕಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಆ ಸುಳ್ಳು ನನಗೆ ಹಿತವಾಗಿತ್ತು. ಹೆಣ್ಣು ನೋಡಲು ಹೊರಟ ಬೆಳಿಗ್ಗೆ ಹೊಸ ಬಿಳಿ ಶರ್ಟು ತೊಟ್ಟು ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಅವ್ವನ ಸಣ್ಣ ಕನ್ನಡಿಯಲ್ಲಿ ಬೇಕಾದಷ್ಟು ಹೊತ್ತು ನೋಡಿಕೊಂಡೆ. ಅದು ಮಾಘದ ಚಳಿ. ಮಂಜು ನೆಲಕ್ಕೆ ಕೂತಿತ್ತು. ಸಕಲೇಶಪುರದಲ್ಲಿ ಬಸ್ಸು ಬದಲಾಯಿಸುವಾಗ ಹಲ್ಲು ಕಟಕಟ ಎನ್ನಲು ಶುರುವಾಗಿ, ಓಡಿಹೋಗಿ ಏಜೆನ್ಸಿಯ ಶೆಡ್ಡಿನಲ್ಲಿ ನಿಂತಿದ್ದ ಲಾರಿಯಿಂದ ಸ್ವೆಟರು ತಂದು, ಪೆನ್ನು ಕಾಣಲೆಂದು ಎದೆಯ ಗುಂಡಿ ಬಿಟ್ಟು ಹಾಕಿಕೊಂಡೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವನು ಸ್ವಲ್ಪ ಹೊತ್ತಿಗೆ ಎದ್ದು ಮುಂದೆ ಹೋಗಿ ಕಂಬಿ ಹಿಡಿದು ನಿಂತ. ಜೇಬಿನ ಪೆನ್ನಿಗೆ ಮರ್ಯಾದೆ ಕೊಟ್ಟು ಜಾಗ ಬಿಟ್ಟ ಎಂದುಕೊಂಡು ಕಾಲು ಚಾಚಿ ಕೂತೆ. ಮಾವನ ಮೂಗಿನ ತುಂಬ ನಸ್ಯ. ಅವ್ವನಿಗೆ ನನ್ನ ಬಟ್ಟೆ ಒಗೆದೂ ಒಗೆದೂ ಅದರ ವಾಸನೆ ಮನೆಯ ವಾಸನೆಯೇ ಆಗಿಹೋಗಿತ್ತು. ಆ ವಾಸನೆಯ ಮಟ್ಟಿಗೆ ನನ್ನ ಮೂಗಂತೂ ಯಾವತ್ತೋ ಸತ್ತಿತ್ತು. ಹೀಗೆ ನಾವು ಮೂವರು ಹೊರಟೆವು.

ಹೆಣ್ಣಿನ ಮನೆಯವರು ಹೆಚ್ಚೇನೂ ತೋಟವಿಲ್ಲದ ಗೌಡರು. ಅಂಗಳದ ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿತ್ತು. ಜಗಲಿಯ ಮೂಲೆಯಲ್ಲಿ ಹೋದ ವರ್ಷದ ಮೂಟೆಗಳೂ ಹಾಗೇ ಬಿದ್ದಿದ್ದವು. ಆಗ ಕಾಫಿಯ ಬೆಲೆ ನೆಲ ಕಚ್ಚಿತ್ತು, ಮಾರಿದರೆ ಕುಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಎಲ್ಲರೂ ಹಾಗೇ ಇಟ್ಟುಕೊಂಡಿದ್ದರು. ಕಾಲಿಗೆ ನೀರು ಕೊಟ್ಟು ಒಳಗೆ ಕರೆದು ಕೂರಿಸಿದರು. ಹುಡುಗಿಯ ಅಪ್ಪ ನಿಧಾನದ ಮನುಷ್ಯ, ಒಂದು ಮಾತು ಕೇಳಿ ಉತ್ತರ ಪೂರ್ತಿ ಬರುವ ತನಕ ಕಾಯುವವರು.

ಮಾವ ಆಫೀಸು, ಕುರ್ಚಿ, ಫೋನು ಎಂದು ಏನೇನೋ ಹೇಳುತ್ತ ಹೋದ. ಹುಡುಗಿಯ ಅಪ್ಪ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ನೀವು ನಮ್ಮ ಈ ಕಡೆಗೆಲ್ಲ ಬಂದಿದ್ದೀರಾ?”

“ಇಲ್ಲ, ಈ ಕಡೆ ಬಂದಿಲ್ಲ” ಎಂದೆ.

ಅವರ ಮನೆಯ ಕ್ರಾಸಿನಲ್ಲಿ ರಸ್ತೆಯ ಗುಂಡಿ ಎಲ್ಲಿದೆ, ಯಾವ ಮರದ ಕೆಳಗೆ ನಿಲ್ಲಿಸಿದರೆ ನೆರಳು ಎಂದು ಕಣ್ಣು ಮುಚ್ಚಿ ಹೇಳಬಲ್ಲ ನಾನು ಹಾಗೆಂದೆ. ಮಾವ ಹೇಳಿಕೊಟ್ಟ ಮಾತಲ್ಲ ಅದು, ನನ್ನದೇ. ಅವರು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ನಾನು ಪೆನ್ನು ಸರಿ ಮಾಡಿಕೊಂಡೆ.

ಹುಡುಗಿ ಕಾಫಿ ತಂದಳು. ತಲೆ ಬಗ್ಗಿಸಿಕೊಂಡಿದ್ದವನು ನಾನು, ಅವಳಲ್ಲ. ಲೋಟ ತೆಗೆದುಕೊಳ್ಳುವಾಗ ಒಂದು ಸಲ ಕಣ್ಣೆತ್ತಿದೆ. ಅವಳು ನನ್ನನ್ನು ನೇರವಾಗಿ ನೋಡುತ್ತಿದ್ದಳು, ಏನೋ ಕೇಳಿ ಉತ್ತರಕ್ಕೆ ನಿಂತವರ ಹಾಗೆ. ತುಟಿಯ ಅಂಚಿನಲ್ಲಿ ಸಣ್ಣ ನಗುವೂ ಇತ್ತು. ಅಷ್ಟಕ್ಕೇ ನನಗೆ ಅವಳು ಇಷ್ಟವಾದಳು, ಬಹಳ ಇಷ್ಟವಾದಳು. ಈ ಸಂಬಂಧ ಹೇಗಾದರೂ ಆಗಲಿ ಎಂದು ಆ ಕ್ಷಣದಲ್ಲಿ ಮನೆದೇವರಿಗೆ ಹೇಳಿಕೊಂಡೆ.

ಆಗಲೇ ಒಳಗಿನಿಂದ ಅಜ್ಜಿಯೊಬ್ಬರು ಕೂಗಿದರು.

“ಗ್ಯಾಸು! ಗ್ಯಾಸು ಬಿಟ್ಕಂಡೈತೆ ಕಣ್ರೋ! ಒಲೆ ಆರ್ಸ್ರೋ!”

ಅವರ ಮನೆಗೆ ಗ್ಯಾಸ್ ಬಂದು ಹೆಚ್ಚು ದಿನವಾಗಿರಲಿಲ್ಲ. ನೆಂಟರು ಬಂದಾಗ ಮಾತ್ರ ಹಚ್ಚುವ ಒಲೆ. ಉಳಿದಂತೆ ಎಲ್ಲಾ ಸೌದೆಯಲ್ಲೇ. ಮನೆಯೊಳಗೆ ಒಂದು ಬಾಂಬಿದ್ದಂತೆ ಭಯ ಅವರಿಗೆ ಮೊದಲಿನಿಂದಲೂ ಇತ್ತು. ಕ್ಷಣದಲ್ಲಿ ಮನೆ ತಲೆಕೆಳಗಾಯಿತು. ಹುಡುಗಿಯ ಅವ್ವ ಸೌದೆ ಒಲೆಗೆ ಕೊಡ ನೀರು ಸುರಿದರು. ಯಾರೋ ಕಿಟಕಿ ತೆಗೆದರು, ಯಾರೋ ಮಕ್ಕಳ ರಟ್ಟೆ ಹಿಡಿದು ಎಳೆದುಕೊಂಡು ಓಡಿದರು. ಮಾವ ಉಪ್ಪಿಟ್ಟಿನ ತಟ್ಟೆ ಸಮೇತ ಅಂಗಳಕ್ಕೆ ಹಾರಿದ. ರೇಷ್ಮೆ ಸೀರೆ ಉಟ್ಟ ಹೆಂಗಸರೆಲ್ಲ ಕಾಫಿ ಹಣ್ಣು ತುಳಿದುಕೊಂಡು ಕಣದ ನಡುವೆ ನಿಂತರು. ಹುಡುಗಿಯ ಅಪ್ಪ ಮಾತ್ರ ಸಿಲಿಂಡರನ್ನು ಹೊರಗೆ ತಂದು ನನ್ನ ಮುಂದೆ ಇಟ್ಟು, “ನೀವು ಗ್ಯಾಸ್ ಆಫೀಸಿನೋರಲ್ವಾ, ಸ್ವಲ್ಪ ನೋಡಿ” ಎಂದರು.

ಆಫೀಸಿನವನಾಗಿದ್ದರೆ ದೂರ ನಿಂತು ನೋಡುತ್ತಿದ್ದನೇನೋ. ನನ್ನ ಕೈಗಳು ನನ್ನ ಮಾತು ಕೇಳಲಿಲ್ಲ. ಸಿಲಿಂಡರಿನ ಕಿವಿ ಹಿಡಿದು ಓರೆ ಮಾಡಿ ಒಂದೇ ಕೈಯಲ್ಲಿ ಅಂಚಿನ ಮೇಲೆ ಉರುಳಿಸಿಕೊಂಡು ಅಂಗಳದ ಆ ತುದಿಗೆ ತಂದುಬಿಟ್ಟೆ. ಕುಕ್ಕರುಗಾಲಲ್ಲಿ ಕೂತು ಸೋಪಿನ ನೊರೆ ಕೇಳಿ ತರಿಸಿ ಸಿಲಿಂಡರಿನ ಬಾಯಿಗೆ ಸವರಿದೆ. ಒಂದು ಗುಳ್ಳೆಯೂ ಏಳಲಿಲ್ಲ.

“ಏನೂ ಇಲ್ಲ, ಸರಿಯಾಗೈತೆ” ಎಂದೆ.

“ಮತ್ತೆ ವಾಸನೆ? ಈಗ್ಲೂ ಬತ್ತಾ ಐತಲ್ಲ. ನಿಮ್ಗೆ ಬತ್ತಿಲ್ವಾ?” ಎಂದರು ಹುಡುಗಿಯ ಅವ್ವ.

ನಾನು ಗಾಳಿ ಎಳೆದುಕೊಂಡೆ. ಒಣಗುವ ಕಾಫಿಯ ಹುಳಿ ವಾಸನೆ ಬಂತು, ಬೇರೇನೂ ಇಲ್ಲ. ಇಲ್ಲವೆಂದೆ. ಅಂಗಳದಲ್ಲಿ ನಿಂತವರೆಲ್ಲ ಮೂಗು ಹಿಡಿದುಕೊಂಡೇ ನನ್ನನ್ನು ನೋಡಿದರು. ಅಜ್ಜಿ ಮೂಗನ್ನು ಮುಂದೆ ಮಾಡಿಕೊಂಡು ಬಾಗಿಲಿನ ಹತ್ತಿರ ಹೋದರು, ಸಿಲಿಂಡರಿನ ಹತ್ತಿರ ಹೋದರು, ಅಲ್ಲಿಂದ ನನ್ನ ಹೆಗಲ ಹತ್ತಿರ ಬಂದು ನಿಂತರು.

“ಅಯ್ಯೋ, ಈ ಹುಡುಗನ ಸ್ವೆಟ್ರಲ್ಲೈತೆ ಕಣ್ರೇ!”

ಮಕ್ಕಳು ಮೊದಲು ನಕ್ಕವು. ಆಮೇಲೆ ಸೆರಗಿನ ಹಿಂದೆ ಹೆಂಗಸರು. ಅಜ್ಜಿ ನಿಂತಲ್ಲೇ ಬಿಚ್ಚಿಸಿ, ಅದನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ಬೇಲಿಯ ಮೇಲೆ ಹಾಕಿದರು. ನಾನು ಬಿಳಿ ಶರ್ಟಿನಲ್ಲಿ ನಡುಗುತ್ತ ನಿಂತೆ. ಕಿವಿಯವರೆಗೂ ಬೆಂಕಿ ಹತ್ತಿತ್ತು. ಭೂಮಿ ಬಾಯಿ ಬಿಡಲಿ ಎಂದು ಜನ ಹೇಳುವುದನ್ನು ಕೇಳಿದ್ದೆ. ಅವತ್ತು ನಿಜವಾಗಿಯೂ ಕಾಲ ಕೆಳಗೆ ನೋಡಿದೆ, ತುಳಿದು ಅಪ್ಪಚ್ಚಿಯಾದ ಕಾಫಿ ಹಣ್ಣು ಕಂಡಿತು.

ಮಾವ ಉಪ್ಪಿಟ್ಟು ನುಂಗಿ ಮುಂದೆ ಬಂದ. “ಆಫೀಸಿನ ಪಕ್ಕದಲ್ಲೇ ಗೋಡೌನ್ ಐತೆ ಗೌಡ್ರೆ. ಅಲ್ಲಿ ನೇತಾಕಿರ್ತಾನೆ, ಹಂಗಾಗಿ ಹಿಡ್ಕೊಂಬುಟ್ಟೈತೆ.”

ಹುಡುಗಿಯ ಅಪ್ಪ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿ, “ಹೌದಾ?” ಎಂದರು.

ಬಾಗಿಲ ಚೌಕಟ್ಟಿಗೆ ಕೈಯಾನಿಸಿ ಹುಡುಗಿ ನಿಂತಿದ್ದಳು. ಅವಳೊಬ್ಬಳು ನಕ್ಕಿರಲಿಲ್ಲ.

“ಹೌದು” ಎಂದೆ.

ಅವಳು ಒಳಗೆ ಹೋದಳು. “ತಿಳಿಸಿ ಕಳಿಸ್ತೀವಿ” ಎನ್ನುವ ಅವರ ಮಾತನ್ನು ಪಡೆದುಕೊಂಡು ಬಂದೆವು. ಸ್ವೆಟರು ಬೇಲಿಯ ಮೇಲೆಯೇ ಉಳಿಯಿತು. ಕೇಳಿ ತರುವ ಮುಖ ನನಗಿರಲಿಲ್ಲ. ಬಸ್ಸಿನಲ್ಲಿ ಮಾವ ದಾರಿಯುದ್ದಕ್ಕೂ, “ಗುಟ್ಟು ಬಿಟ್ಕೊಡ್ಲಿಲ್ಲ ನೋಡು, ಅದೇ ದೊಡ್ದು” ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಅವ್ವ ಕಿಟಕಿಯಾಚೆ ನೋಡುತ್ತ ಕೂತಳು.

ಕಾಯಂ ಕೆಲಸದ ಸುಖವನ್ನು ಹೇಳಿದೆ. ಅದರ ಕಷ್ಟ ಏನೆಂದು ಆಗ ತಿಳಿಯಿತು. ಬಾಡಿಗೆ ಲಾರಿಯವನಾಗಿದ್ದರೆ ಮುಖ ಮುಚ್ಚಿಕೊಂಡು ಬೊಂಬಾಯಿಗೆ ಹೋಗಿಬಿಡಬಹುದಿತ್ತು. ಏಜೆನ್ಸಿಯವನಿಗೆ ಲೈನು ಎಂದರೆ ಲೈನೇ. ದಿನ ಬಂತೆಂದರೆ ಅದೇ ರಸ್ತೆ, ಅದೇ ಕ್ರಾಸು, ಅದೇ ಹಾರನ್ನು. ಬೇರೆ ಕಡೆ ಹಾಕಿ ಎಂದು ಓನರನ್ನು ಕೇಳಿದೆ. “ಯಾಕೆ, ಆ ಕಡೆ ಏನ್ ಮಾಡ್ಕೊಂಡೆ?” ಎಂದು ಅವರು ಅನುಮಾನದಿಂದ ನೋಡಿದಾಗ ಬಾಯಿ ಮುಚ್ಚಿಕೊಂಡೆ. ಆ ಕ್ರಾಸಿಗೆ ಹೋದ ಮೊದಲ ದಿನ ತಲೆಗೆ ಟವೆಲ್ ಸುತ್ತಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಬಂದವನಂತೆ ಕೂತೆ.

ಯಾರೋ ಕ್ಯಾಬಿನ್ನಿನ ಬಾಗಿಲು ತಟ್ಟಿದರು. ಹುಡುಗಿಯ ಅಪ್ಪ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರಲ್ಲಿ ನನ್ನ ಸ್ವೆಟರು, ಮಡಿಸಿದ್ದು. ಖಾಕಿಯಲ್ಲಿ ಕೂತ ನನ್ನನ್ನು ಕಂಡು ಅವರಿಗೆ ಕಿಂಚಿತ್ತೂ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ನಾನು ಇಳಿಯಲು ಹೋದೆ. ಬೇಡವೆಂದು ಕೈ ಅಡ್ಡ ಇಟ್ಟರು. ಮನೆಯಲ್ಲಿ ನೀವು ಎಂದಿದ್ದವರು ಈಗ ನೀನು ಎಂದರು.

“ನೋಡಪ್ಪ, ನಿಂಗೆ ಹೇಳ್ದೆ ಇದ್ರೆ ನನ್ ಮನ್ಸಿಗೆ ಸಮಾಧಾನ ಇಲ್ಲ. ನೀನು ಲಾರಿ ಓಡ್ಸೋನು ಅಂತ ನಮ್ಗೆ ಮೊದ್ಲೇ ಗೊತ್ತಿತ್ತು.”

ನಾನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದೆ.

“ನನ್ ಮಗ್ಳೇ ತೋರ್ಸಿದ್ದು. ಗ್ಯಾಸ್ ತಗಳಕ್ಕೆ ಇಲ್ಲಿಗೆ ಬರೋಳು ಅವ್ಳೇ. ಕಾಫಿ ನಂಬ್ಕೊಂಡು ನಾವು ಪಡೋ ಪಾಡು ನೋಡವ್ಳೆ. ಮಳೆ ಇರ್ಲಿ, ಮಂಜಿರ್ಲಿ, ಆ ಮನ್ಷ ಹೇಳಿದ್ ದಿನ ಬಂದೇ ಬತ್ತಾನೆ, ಒಂದಿನ ಕುಡಿದಿದ್ದು ಕಂಡಿಲ್ಲ, ಕೇಳಿ ನೋಡಿ ಅಂದ್ಲು. ಅದ್ಕೇ ನನ್ ತಮ್ಮನ್ನ ಸಂತೇಲಿ ನಿಮ್ಮಾವನ ಹತ್ರ ಕಳ್ಸಿದ್ದು. ನಿಮ್ಮಾವ ಆಫೀಸು ಗೀಫೀಸು ಅಂದ. ಹೋಗ್ಲಿ, ದೊಡ್ಡೋರು ಬಡಾಯಿ ಹೊಡೀತಾರೆ, ಹುಡ್ಗ ಹೇಳ್ತಾನೆ ಅಂತ ಕಾದೆ. ಈ ಕಡೆ ಬಂದೇ ಇಲ್ಲ ಅಂದ್ಬುಟ್ಟೆ ನೀನು. ಅವ್ಳು ಒಳಗೆ ನಿಂತು ಕೇಳಿಸ್ಕೊಂಡ್ಲು. ಆಮೇಲೆ ಅಂಗಳದಲ್ಲೂ ಕೇಳ್ದೆ.”

“ತಪ್ಪಾಯ್ತು” ಎಂದೆ.

“ತಪ್ಪು ಒಪ್ಪು ಅಲ್ಲಪ್ಪ. ಮಾಡೋ ಕೆಲ್ಸ ಹೇಳೋಕೆ ನಿಂಗೇ ಇಷ್ಟು ನಾಚ್ಕೆ ಆದ್ರೆ, ಬಂದೋಳಿಗೂ ಆ ನಾಚ್ಕೇನೇ ಹೊರ್ಸ್ತೀಯ. ಅವ್ಳೇ ಬ್ಯಾಡ ಅಂದ್ಲು.” ಕವರನ್ನು ನನ್ನ ತೊಡೆಯ ಮೇಲಿಟ್ಟರು. “ಸೀಗೇಕಾಯಿ ಹಾಕಿ ಒಗ್ದವ್ರೆ. ವಾಸ್ನೆ ಹೋಗೈತೆ.”

ಅವರು ಇಳಿಜಾರಿನಲ್ಲಿ ಇಳಿದು ತೋಟದೊಳಗೆ ಮರೆಯಾದರು. ನಾನು ಸ್ವೆಟರಿಗೆ ಮುಖ ಒತ್ತಿ ಮೂಸಿದೆ. ಹೋಗಿದೆಯೋ ಇದೆಯೋ ನನಗೆ ಗೊತ್ತಾಗುವ ಬಗೆಯೇ ಇರಲಿಲ್ಲ. ಜೊತೆಗಾರ ಬಂದು ಪಕ್ಕದಲ್ಲಿ ಕೂತಾಗ ಅವನ ಕೈಗೆ ಕೊಟ್ಟು, ವಾಸನೆ ಇದೆಯಾ ನೋಡು ಎಂದೆ. ಅವನು ಮೂಸಿ ವಾಪಸ್ಸು ಕೊಟ್ಟು, “ನಂದೂ ನಿನ್ನಂಗೇ ಮೂಗಲ್ವಾ ಮಾರಾಯ” ಎಂದ. ಆಮೇಲೆ ಬೀಡಿಯನ್ನು ತುಟಿಯ ಈ ಕಡೆಯಿಂದ ಆ ಕಡೆಗೆ ಸರಿಸಿಕೊಂಡ.

“ನೀನು ನೋಡಕ್ಕೋಗಿದ್ದು ಆ ಗೌಡ್ರ ಮಗ್ಳನ್ನ ಅಲ್ವಾ, ಹಸಿರು ಸ್ಕಾರ್ಫ್ ಕಟ್ಕೊಂಡು ಬರೋ ಹುಡ್ಗಿ? ಲೈನಲ್ಲಿ ಎಲ್ಲಾರೂ ನಿಂಗೆ ಡ್ರೈವರಣ್ಣ ಅಂತಾರೆ. ಆ ಹುಡ್ಗಿ ಒಂದಿನಾನೂ ಅಂದಿದ್ದು ನಾನು ಕೇಳ್ಲಿಲ್ಲ. ‘ಅವ್ರಿಗೆ ಹೇಳಿ’ ಅಂತಿತ್ತು. ‘ಅವ್ರು ಇವತ್ತು ಊಟ ಮಾಡಿದ್ರಾ’ ಅಂತ ಒಂದ್ಸಲ ಕೇಳ್ತು. ನಿಂಗೆ ಹೇಳೋಣ ಅಂದ್ಕೊಂಡೆ, ನೀನು ಯಾವತ್ತೂ ತಿರುಗಿ ನೋಡ್ಲಿಲ್ಲ, ಸುಮ್ನಾದೆ.”

ಗೇರು ಹಾಕಿದೆ. ಹೆಗ್ಗದ್ದೆ ಕಡೆಯ ಆ ತಿರುವುಗಳಲ್ಲಿ ಕಣ್ಣು ಮಂಜಾದರೆ ಗಾಡಿ ಓಡಿಸುವುದು ಕಷ್ಟ, ಒಂದು ಕಡೆ ನಿಲ್ಲಿಸಿ ಮುಖ ತೊಳೆದುಕೊಂಡೆ. ನನ್ನ ಕೆಲಸದ ಬಗ್ಗೆ ನಾಚಿಕೊಂಡು ನಾನು ಬಚ್ಚಿಟ್ಟ ಲಾರಿಯನ್ನೇ ನೋಡಿ ಆ ಹುಡುಗಿ ನನ್ನನ್ನು ಒಪ್ಪಿದ್ದಳು. ಬಾಯಿಬಿಟ್ಟು ಡ್ರೈವರ್ ಎಂದಿದ್ದರೆ ಸಾಕಿತ್ತು.

ಮುಂದಿನ ಸಲ ಆ ಕ್ರಾಸಿಗೆ ಹೋದಾಗ ಟವೆಲ್ ಸುತ್ತಿಕೊಳ್ಳಲಿಲ್ಲ. ಸ್ವೆಟರು ಹಾಕಿಕೊಂಡು, ಇಳಿದು, ಲಾರಿಯ ಪಕ್ಕದಲ್ಲಿ ನಿಂತೆ. ಏನಾದರೂ ಒಂದು ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಜನ ಬಂದರು. ಅವರ ಹಿಂದೆ ತಳ್ಳುಗಾಡಿಯಲ್ಲಿ ಖಾಲಿ ಸಿಲಿಂಡರ್ ಇಟ್ಟುಕೊಂಡು ಹಸಿರು ಸ್ಕಾರ್ಫಿನ ಅವಳೂ ಬಂದಳು. ಅವಳ ಸರದಿ ಬಂದಾಗ ಜೊತೆಗಾರ ಬೇಕೆಂದೇ ಲಾರಿಯ ಆ ಬದಿಗೆ ಹೋದ. ಅವಳು ಕಣ್ಣು ತಪ್ಪಿಸಲಿಲ್ಲ, ಕೋಪವನ್ನೂ ತೋರಿಸಲಿಲ್ಲ. ಕಾಫಿ ಕೊಡುವಾಗ ನೋಡಿದ ಹಾಗೆಯೇ ನೇರವಾಗಿ ನೋಡಿದಳು.

“ಡ್ರೈವರಣ್ಣ, ನಮ್ಮದೊಂದು ಕೊಡಿ” ಎಂದಳು.

ಕೊಡುತ್ತೇನೆ ಕಣವ್ವ ಎಂದು ಹೇಳಿ, ತುಂಬಿದ ಸಿಲಿಂಡರನ್ನು ಇಳಿಸಿ ಅವಳ ಗಾಡಿಯಲ್ಲಿಟ್ಟೆ.